ಫೋರ್ಟ್ ಸಿಲ್‌ನಲ್ಲಿರೋ ಜೆರೊನಿಮೊ ಸಮಾಧಿ ನೋಡೋಕೆ ಹೋಗೋದು ಹೇಗೆ? ಗೇಟು, ಪಾಸು, ದಾರಿ, ಎಲ್ಲಾ ಹೇಳಿ

ತುಂಗಾತೀರ:
ಮುಂದಿನ ಲಾಂಗ್ ವೀಕೆಂಡ್‌ಗೆ ಡಲ್ಲಾಸ್‌ನಿಂದ ಒಕ್ಲಹೋಮಾದ ವಿಚಿಟಾ ಮೌಂಟೆನ್ಸ್ ಕಡೆ ಕಾರಲ್ಲಿ ಹೊರಟಿದೀವಿ. ಲಾಟನ್ ಪಕ್ಕದ ಫೋರ್ಟ್ ಸಿಲ್ ಒಳಗೆ ಅಪಾಚೆ ಯೋಧ ಜೆರೊನಿಮೊನ ಸಮಾಧಿ ಇದೆಯಂತೆ, ಅದನ್ನೂ ನೋಡಬೇಕು ಅಂತ ಅಪ್ಪನ ಆಸೆ. ಅಪ್ಪ ಅಮ್ಮ ಊರಿಂದ ವಿಸಿಟರ್ ವೀಸಾದಲ್ಲಿ ಬಂದಿದಾರೆ. ನನ್ನ ಪ್ರಶ್ನೆಗಳು: ಮಿಲಿಟರಿ ಜಾಗ ಅಂತಾರೆ, ಸುಮ್ನೆ ಹೋದ್ರೆ ಒಳಗೆ ಬಿಡ್ತಾರಾ? ಎಷ್ಟು ಹೊತ್ತು ಇಟ್ಕೋಬೇಕು? ಹೂವು ಇಡಬಹುದಾ? ಮ್ಯಾಪ್‌ನಲ್ಲಿ ಜೆರೊನಿಮೊ ಅಂತ ಹೊಡೆದ್ರೆ ಲಾಟನ್‌ಗಿಂತ ಕೆಳಗೆ ಎಲ್ಲೋ ತೋರಿಸ್ತಿದೆ, ಅದೇನಾ ಜಾಗ?

ಬಯಲುಸೀಮೆ_ಬಸವ:
ಅಲ್ಲ. ಅದು ಜೆರೊನಿಮೊ ಅನ್ನೋ ಹೆಸರಿನ ಸಣ್ಣ ಊರು, ಲಾಟನ್‌ನಿಂದ ದಕ್ಷಿಣಕ್ಕೆ. ಅಲ್ಲಿ ಸಮಾಧಿ ಇಲ್ಲ, ಆತ ಅಲ್ಲಿ ಬಾಳಿದವನೂ ಅಲ್ಲ. ಸಮಾಧಿ ಇರೋದು ಲಾಟನ್‌ನ ಉತ್ತರಕ್ಕೆ. ಮ್ಯಾಪ್‌ನಲ್ಲಿ "ಬೀಫ್ ಕ್ರೀಕ್ ಅಪಾಚೆ ಸೆಮೆಟರಿ" ಅಂತ ಹುಡುಕಿ. ಆದ್ರೆ ಆ ಗುರುತು ಇಟ್ಕೊಂಡು ನೇರ ಗಾಡಿ ಓಡಿಸಬೇಡಿ. ಮ್ಯಾಪಿಗೆ ಹತ್ತಿರದ ರಸ್ತೆ ಗೊತ್ತು, ಯಾವ ಗೇಟು ಸಾರ್ವಜನಿಕರಿಗೆ ಅಂತ ಗೊತ್ತಿಲ್ಲ. ಮುಚ್ಚಿದ ಗೇಟಿಗೋ ಸೈನಿಕರಿಗೆ ಮಾತ್ರ ಇರೋ ಗೇಟಿಗೋ ಕರ್ಕೊಂಡು ಹೋಗಿ ನಿಲ್ಲಿಸುತ್ತೆ. ಮೊದಲ ನಿಲ್ದಾಣ ವಿಸಿಟರ್ ಸೆಂಟರ್, ಆಮೇಲೆ ಸಮಾಧಿ.

ಗೇಟ್‌ಪಾಸ್_ಗಿರಿ:
ಬಸವ ಅವರು ಹೇಳಿದ್ದಕ್ಕೆ ಸೇರಿಸ್ತೀನಿ. ಫೋರ್ಟ್ ಸಿಲ್ ಅಂದ್ರೆ ಹಳೇ ಕೋಟೆ ಅಂದ್ಕೊಂಡು ಹೋಗೋರೇ ಜಾಸ್ತಿ. 1869ರಲ್ಲಿ ಶುರುವಾಗಿದ್ದು ನಿಜ, ಆದ್ರೆ ಇವತ್ತಿಗೂ ಅದು ಅಮೆರಿಕ ಸೇನೆಯ ಫಿರಂಗಿ ದಳದ ತರಬೇತಿ ನೆಲೆ. ದಿನಾ ಗುಂಡು ಹಾರುತ್ತೆ.

ಕ್ರಮ ಹೀಗೆ. ಸೇನೆಯ ಗುರುತಿನ ಚೀಟಿ ಇಲ್ಲದವರು ಬೆಂಟ್ಲಿ ಗೇಟ್ ಹತ್ರ ಇರೋ ವಿಸಿಟರ್ ಕಂಟ್ರೋಲ್ ಸೆಂಟರ್‌ಗೆ ಹೋಗಬೇಕು. ಐ-44 ಹೆದ್ದಾರಿ ಬಿಟ್ಟು ರೋಜರ್ಸ್ ಲೇನ್ ಹಿಡಿದು ಶೆರಿಡನ್ ರೋಡ್‌ಗೆ ತಿರುಗಿ ಉತ್ತರಕ್ಕೆ ಹೋದ್ರೆ ಸಿಗುತ್ತೆ. ಎಕ್ಸಿಟ್ 41ರ ಬೋರ್ಡ್ ನೋಡಿ ಕೀ ಗೇಟ್‌ಗೆ ಇಳಿಯೋದು ಸಾಮಾನ್ಯ ತಪ್ಪು. ಪಾಸ್ ಇಲ್ಲದೆ ಅಲ್ಲಿ ಹೋದ್ರೆ ವಾಪಸ್ ತಿರುಗಿಸ್ತಾರೆ, ಹಿಂದೆ ಸಾಲಲ್ಲಿರೋ ಸೈನಿಕರು ಬೈಕೋತಾರೆ. ಸೆಂಟರ್‌ನಲ್ಲಿ ಗುರುತಿನ ಚೀಟಿ ಕೊಟ್ರೆ ಅಪರಾಧ ದಾಖಲೆ ತಪಾಸಣೆ ಮಾಡಿ ಪಾಸ್ ಕೊಡ್ತಾರೆ. ಗಾಡಿಯಲ್ಲಿರೋ ದೊಡ್ಡವರೆಲ್ಲ ಇಳಿದು ಬರಬೇಕು, ಡ್ರೈವರ್ ಒಬ್ಬರದೇ ಪಾಸ್ ಸಾಲಲ್ಲ. ಡ್ರೈವಿಂಗ್ ಲೈಸೆನ್ಸ್ ರಿಯಲ್ ಐಡಿ (ಫೆಡರಲ್ ಮಾನ್ಯತೆ ಇರೋದು) ಆಗಿರಬೇಕು, ಮೂಲೇಲಿ ನಕ್ಷತ್ರ ಇದೆಯಾ ನೋಡ್ಕೊಳ್ಳಿ. ಗಾಡಿಯ ನೋಂದಣಿ, ವಿಮೆ, ಬಾಡಿಗೆ ಕಾರಾದ್ರೆ ಕರಾರು ಪತ್ರ ಕೈಗೆ ಸಿಗೋ ಹಾಗಿರಲಿ.

ಬೆಳಿಗ್ಗೆ ಬೇಗ ಹೋಗಿ. ತರಬೇತಿ ಮುಗಿಸಿದ ಹುಡುಗರ ಗ್ರ್ಯಾಜುಯೇಷನ್ ಇರೋ ದಿನ ಅಪ್ಪ ಅಮ್ಮ ಅಣ್ಣ ತಂಗಿ ಅಂತ ಜನಸಾಗರ. ಸಾಲು ಹೊರಗಿನವರೆಗೂ ಬರುತ್ತೆ.

ತುಂಗಾತೀರ:
ಧನ್ಯವಾದ ಗಿರಿ ಅವರೇ. ಅಪ್ಪ ಅಮ್ಮನ ಹತ್ರ ಇರೋದು ಭಾರತದ ಪಾಸ್‌ಪೋರ್ಟ್ ಮಾತ್ರ. ನಡೆಯುತ್ತಾ?

ಗೇಟ್‌ಪಾಸ್_ಗಿರಿ:
ಅದೇ ಕಷ್ಟದ ಜಾಗ. ತಪಾಸಣೆ ನಡೆಯೋದು ಅಮೆರಿಕದ ದಾಖಲೆಗಳ ಮೇಲೆ. ಇಲ್ಲಿ ದಾಖಲೆಯೇ ಇಲ್ಲದವರ ಹೆಸರು ಹೊಡೆದ್ರೆ ಯಂತ್ರಕ್ಕೆ ಹೇಳೋಕೆ ಏನೂ ಇರಲ್ಲ. ಅದಕ್ಕೇ ವಿದೇಶಿ ಪಾಸ್‌ಪೋರ್ಟ್‌ನವರಿಗೆ ನಿಯಮ ಬೇರೆ. ನೆಲೆಯೊಳಗಿನ ಯಾರಾದ್ರೂ ಜವಾಬ್ದಾರಿ ಹೊತ್ತು ಜೊತೆಗೆ ಬರಬೇಕು ಅಂತ ಕೇಳಬಹುದು. ಈ ನಿಯಮಗಳು ಭದ್ರತೆಯ ಮಟ್ಟ ಏರಿದ ಹಾಗೆ ಬದಲಾಗ್ತಾ ಇರ್ತವೆ. ಹೊರಡೋಕೆ ಒಂದು ವಾರ ಮುಂಚೆ ವಿಸಿಟರ್ ಸೆಂಟರ್‌ಗೆ ಫೋನ್ ಮಾಡಿ, "ಇಬ್ಬರು ವಿಸಿಟರ್ ವೀಸಾದವರು ಇದಾರೆ" ಅಂತ ಸ್ಪಷ್ಟವಾಗಿ ಹೇಳಿ ಕೇಳಿ. ಗೇಟಲ್ಲಿ ನಿಂತು ವಾದ ಮಾಡಿ ಗೆದ್ದವರು ಯಾರೂ ಇಲ್ಲ.

ಕಡಲತಡಿ_ಮಾಣಿ:
ಎಂತ ಮಾರಾಯ್ರೆ, ಸತ್ತವನನ್ನು ನೋಡ್ಲಿಕ್ಕೂ ಪೊಲೀಸ್ ವೆರಿಫಿಕೇಷನ್ನಾ!

ಹಳೇನಕ್ಷೆ:
ಮಾಣಿ, ನಗಬೇಡ. ಬದುಕಿದ್ದಾಗಲೂ ಅವನು ಅಲ್ಲಿ ಸೇನೆಯ ಯುದ್ಧಕೈದಿ. 1886ರ ಸೆಪ್ಟೆಂಬರ್ 4ರಂದು ಅರಿಜೋನಾದ ಸ್ಕೆಲಿಟನ್ ಕ್ಯಾನ್ಯನ್‌ನಲ್ಲಿ ಜನರಲ್ ನೆಲ್ಸನ್ ಮೈಲ್ಸ್‌ಗೆ ಶರಣಾದ. 1909ರ ಫೆಬ್ರವರಿ 17ರಂದು ಫೋರ್ಟ್ ಸಿಲ್‌ನಲ್ಲಿ ನ್ಯುಮೋನಿಯಾದಿಂದ ಸತ್ತಾಗಲೂ ಕಾಗದದ ಮೇಲೆ ಕೈದಿಯೇ. ನಡುವೆ ಫ್ಲಾರಿಡಾದ ಪೆನ್ಸಕೋಲಾದಲ್ಲಿರೋ ಫೋರ್ಟ್ ಪಿಕನ್ಸ್, ಆಮೇಲೆ ಅಲಬಾಮಾದ ಮೌಂಟ್ ವರ್ನನ್, 1894ರಿಂದ ಫೋರ್ಟ್ ಸಿಲ್. ಅವನ ಜನ ಚಿರಿಕಾವಾ ಅಪಾಚೆಗಳು ಬಿಡುಗಡೆಯಾಗಿದ್ದು 1913ರಲ್ಲಿ, 27 ವರ್ಷಗಳ ನಂತರ. ಆ ಸ್ಮಶಾನದಲ್ಲಿ ಸುಮಾರು 300 ಸಮಾಧಿ ಇವೆ. ಬಹುತೇಕ ಎಲ್ಲರೂ ಅದೇ ಸೆರೆಯವರು, ಮಕ್ಕಳೂ ಸೇರಿ. ಎಲ್ಲರೂ ಜೆರೊನಿಮೊ ಸಮಾಧಿಯ ಕಲ್ಲಿನ ಪಿರಮಿಡ್ಡಿನ ಮುಂದೆ ಫೋಟೋ ತೆಗೆಸ್ಕೊಂಡು ಹಿಂದಿರೋ ಸಾಲುಗಳನ್ನ ನೋಡದೆ ಬರ್ತಾರೆ, ಅದೇ ಬೇಜಾರು.

ರಾಯಚೂರ್_ರಂಗ:
ಹಳೇನಕ್ಷೆ ಸಾಹೇಬ್ರ, ಪಿರಮಿಡ್ ಅಂದ್ರ ಎಷ್ಟು ದೊಡ್ಡದರೀ? ಫೋಟೋದಾಗ ಗೊತ್ತಾಗಂಗಿಲ್ಲ.

ಹಳೇನಕ್ಷೆ:
ಈಜಿಪ್ಟ್ ಅಲ್ಲ ರಂಗಣ್ಣ! ನದಿಯ ಉರುಟುಗಲ್ಲುಗಳನ್ನ ಗಾರೆ ಹಾಕಿ ಕಟ್ಟಿದ ಚೌಕ ಗೋಪುರ, ತುದಿಯಲ್ಲಿ ರೆಕ್ಕೆ ಬಿಚ್ಚಿದ ಕಲ್ಲಿನ ಹದ್ದು. ಅದು ಸತ್ತಾಗ ಕಟ್ಟಿದ್ದೂ ಅಲ್ಲ, ಎಷ್ಟೋ ವರ್ಷ ಕಳೆದ ಮೇಲೆ ಎಬ್ಬಿಸಿದ್ದು. ಪಕ್ಕದಲ್ಲಿ ಹೆಂಡತಿ ಝೀ-ಯೆ, ಮಗಳು ಈವಾ ಅವರ ಕಲ್ಲುಗಳಿವೆ. ಅದೇ ಸ್ಮಶಾನದಲ್ಲಿ ನಾನಾ, ಲೋಕೋ ಅನ್ನೋ ಹಿರಿಯ ನಾಯಕರೂ ಇದಾರೆ. ನಾನಾ ಎಪ್ಪತ್ತು ದಾಟಿದ ವಯಸ್ಸಲ್ಲಿ 1881ರಲ್ಲಿ ನ್ಯೂ ಮೆಕ್ಸಿಕೋ ತುಂಬಾ ಕುದುರೆ ಮೇಲೆ ದಾಳಿ ಮಾಡಿದ ಮುದುಕ. ನನ್ನನ್ನ ಕೇಳಿದ್ರೆ ಅವನ ಕಲ್ಲು ಹುಡುಕದೆ ಬರಬಾರದು.

ಇನ್ನೊಂದು ಗಮನಿಸಿ. ಕೆಲವು ಕಲ್ಲುಗಳ ಮೇಲೆ ಅಮೆರಿಕ ಸೇನೆಯ ಸ್ಕೌಟ್ ಅಂತ ಕೆತ್ತಿದೆ. ಅಂದ್ರೆ ಜೆರೊನಿಮೊನ ಹೆಜ್ಜೆ ಹಿಡಿದು ಹುಡುಕೋಕೆ ಸೇನೆಗೆ ದುಡಿದ ಅಪಾಚೆಗಳು. ಕೆಲಸ ಮುಗಿದ ಮೇಲೆ ಅವರನ್ನೂ ಹಾಗೇ ರೈಲಿಗೆ ಹತ್ತಿಸಿ ಫ್ಲಾರಿಡಾಗೆ ಕಳಿಸಿದ್ರು.

ಡಿಸಿ_ದಾಕ್ಷಾಯಿಣಿ:
ಸಮಾಧಿಯಲ್ಲಿ ತಲೆಬುರುಡೆ ಇಲ್ಲವಲ್ಲ? ಯೇಲ್ ವಿಶ್ವವಿದ್ಯಾಲಯದ ಸ್ಕಲ್ ಅಂಡ್ ಬೋನ್ಸ್ ಅನ್ನೋ ರಹಸ್ಯ ಸಂಘದವರು 1918ರಲ್ಲಿ ಅಗೆದು ಒಯ್ದರಂತೆ. ಹಿರಿಯ ಬುಷ್ ಅಧ್ಯಕ್ಷರ ಅಪ್ಪ ಪ್ರೆಸ್ಕಾಟ್ ಬುಷ್ ಅದರಲ್ಲಿದ್ದರಂತೆ.

ಹಳೇನಕ್ಷೆ:
ಬಂತು ನೋಡಿ! "ಅಂತೆ" ಅನ್ನೋದನ್ನ ಹಾಗೇ ಇಟ್ಕೊಳ್ಳಿ, ಅದು ಸರಿಯಾದ ಪದ.

ದಾಖಲೆ_ದಿನೇಶ:
ಇದರಲ್ಲಿ ಗೊತ್ತಿರೋದನ್ನೂ ಹೇಳ್ತಿರೋದನ್ನೂ ಬೇರೆ ಮಾಡೋಣ. ಮೊದಲನೇ ಮಹಾಯುದ್ಧದ ಕಾಲಕ್ಕೆ ಪ್ರೆಸ್ಕಾಟ್ ಬುಷ್ ಸೈನಿಕರಾಗಿ ಫೋರ್ಟ್ ಸಿಲ್‌ನಲ್ಲಿದ್ದದ್ದು ನಿಜ. 1918ರ ಒಂದು ಪತ್ರ ಯೇಲ್‌ನ ಸಂಗ್ರಹದಲ್ಲಿ ಸಿಕ್ಕಿ 2006ರಲ್ಲಿ ಸುದ್ದಿಯಾಯ್ತು. ಅದರಲ್ಲಿ ಸಂಘದ ಸದಸ್ಯನೊಬ್ಬ ಇನ್ನೊಬ್ಬನಿಗೆ, ಬುರುಡೆ ಸಂಘದ ಕಟ್ಟಡ ಸೇರಿದೆ ಅಂತ ಬರೆದಿದಾನೆ. ಹಾಗಾಗಿ ಅವರು ಯಾರದೋ ಗೋರಿ ಅಗೆದಿರಬಹುದು, ಅಥವಾ ಅಗೆದೆವು ಅಂತ ಜಂಭ ಕೊಚ್ಚಿಕೊಂಡಿರಬಹುದು. ಅದು ಜೆರೊನಿಮೊನದ್ದೇ ಅನ್ನೋಕೆ ಆ ಪತ್ರ ಸಾಲಲ್ಲ. ಪತ್ರ ಬರೆದವನು ಆಗ ಫೋರ್ಟ್ ಸಿಲ್‌ನಲ್ಲಿ ಇರಲೇ ಇಲ್ಲ. ಆ ಕಾಲಕ್ಕೆ ಈ ಕಲ್ಲಿನ ಗೋಪುರವೂ ಇರಲಿಲ್ಲ, ಹೊರಗಿನವರಿಗೆ ಯಾವ ಗೋರಿ ಅವನದ್ದು ಅಂತ ಗುರುತಿಸೋದು ಸುಲಭ ಇರಲಿಲ್ಲ.

2009ರ ಫೆಬ್ರವರಿ 17ರಂದು, ಸತ್ತು ಸರಿಯಾಗಿ ನೂರು ವರ್ಷಕ್ಕೆ, ವಂಶಸ್ಥರು ವಾಷಿಂಗ್ಟನ್‌ನ ಫೆಡರಲ್ ಕೋರ್ಟಿಗೆ ಹೋದ್ರು. ಸರ್ಕಾರ, ಯೇಲ್, ಆ ಸಂಘ, ಎಲ್ಲರ ಮೇಲೂ ದಾವೆ. ಅವರ ವಕೀಲರು ಹಿಂದೆ ಅಟಾರ್ನಿ ಜನರಲ್ ಆಗಿದ್ದ ರ‍್ಯಾಮ್ಸೀ ಕ್ಲಾರ್ಕ್. ಮೂಳೆಗಳನ್ನ ಹುಟ್ಟಿದ ಕಡೆ, ನ್ಯೂ ಮೆಕ್ಸಿಕೋದ ಹೀಲಾ ನದಿಯ ಮೂಲದ ಹತ್ರ, ಮತ್ತೆ ಹೂಳಬೇಕು ಅನ್ನೋದು ಬೇಡಿಕೆ. 2010ರಲ್ಲಿ ಕೋರ್ಟ್ ದಾವೆ ವಜಾ ಮಾಡ್ತು. ಬುರುಡೆ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಗೆ ಕೋರ್ಟ್ ಹೋಗಲೇ ಇಲ್ಲ, ಕಾನೂನಿನ ಅಂಶಗಳ ಮೇಲೇ ಮುಗಿಸ್ತು.

ಡಿಸಿ_ದಾಕ್ಷಾಯಿಣಿ:
ಅಗೆದು ನೋಡಿದ್ರೆ ಒಂದೇ ದಿನದಲ್ಲಿ ಇತ್ಯರ್ಥ ಆಗುತ್ತಿತ್ತಲ್ಲ?

ದಾಖಲೆ_ದಿನೇಶ:
ಯಾರು ಅಗೆಯೋದು? ಒಕ್ಲಹೋಮಾದ ಫೋರ್ಟ್ ಸಿಲ್ ಅಪಾಚೆ ಬುಡಕಟ್ಟಿನವರೇ ಸಮಾಧಿ ಮುಟ್ಟೋದು ಬೇಡ ಅಂದ್ರು. ಅಪಾಚೆ ನಂಬಿಕೆಯಲ್ಲಿ ಸತ್ತವರನ್ನ ಕೆದಕೋದು ಭಯದ ವಿಷಯ, ಪ್ರೀತಿಯ ವಿಷಯ ಅಲ್ಲ. ವಂಶಸ್ಥರಲ್ಲೇ ಎರಡು ಅಭಿಪ್ರಾಯ ಇದ್ದಾಗ ನಾವು ನೀವು ಗುದ್ದಲಿ ಹಿಡಿಯೋಕಾಗಲ್ಲ.

ಕಡಲತಡಿ_ಮಾಣಿ:
ಒಕ್ಲಹೋಮಾದಲ್ಲಿ ಅಪಾಚೆಗಳ ಎರಡು ಆಫೀಸು ಉಂಟಲ್ಲ, ಅನಡಾರ್ಕೋದಲ್ಲಿ ಒಂದು, ಅಪಾಚೆ ಅನ್ನೋ ಊರಲ್ಲಿ ಒಂದು. ಯಾವುದು ಜೆರೊನಿಮೊನ ಕಡೆಯವರದ್ದು?

ಹಳೇನಕ್ಷೆ:
ಅಪಾಚೆ ಊರಿನದ್ದು. ಅನಡಾರ್ಕೋದ್ದು "ಅಪಾಚೆ ಟ್ರೈಬ್ ಆಫ್ ಒಕ್ಲಹೋಮಾ", ಅವರು ಬಯಲಿನ ಅಪಾಚೆಗಳು, ಕಾಯೋವಾಗಳ ಜೊತೆ ಬಾಳಿದವರು. ಜೆರೊನಿಮೊನ ಕಡೆಯವರು "ಫೋರ್ಟ್ ಸಿಲ್ ಅಪಾಚೆ ಟ್ರೈಬ್". 1913ರಲ್ಲಿ ಬಿಡುಗಡೆಯಾದಾಗ ಹೆಚ್ಚಿನವರು ನ್ಯೂ ಮೆಕ್ಸಿಕೋದ ಮೆಸ್ಕಲೆರೋಗೆ ಹೋದ್ರು, ಉಳಿದ ಕೆಲವೇ ಕುಟುಂಬಗಳು ಇವರು. ಆ ಕುಟುಂಬಗಳಲ್ಲಿ ಬಿಡುಗಡೆ ಆದ ಮೇಲೆ 1914ರಲ್ಲಿ ಹುಟ್ಟಿದ ಒಬ್ಬ ಹುಡುಗನೇ ಮುಂದೆ ಶಿಲ್ಪಿ ಅಲನ್ ಹೌಸರ್. ಒಕ್ಲಹೋಮಾದ ಹಳೇ ನಂಬರ್ ಪ್ಲೇಟಿನಲ್ಲಿ ಆಕಾಶಕ್ಕೆ ಬಾಣ ಬಿಡ್ತಿದ್ದ ಯೋಧನ ಚಿತ್ರ ನೋಡಿದೀರಲ್ಲ, ಅದು ಹೌಸರ್ ಶಿಲ್ಪ.

ಟೋಲ್‌ಗೇಟ್_ತಿಮ್ಮ:
ಇತಿಹಾಸ ಸಾಕು, ಅವರು ದಾರಿ ಕೇಳಿದ್ದು. ಡಲ್ಲಾಸ್ ಕಡೆಯಿಂದ ಫೋರ್ಟ್ ವರ್ತ್, ಅಲ್ಲಿಂದ ಯುಎಸ್-287ರಲ್ಲಿ ವಿಚಿಟಾ ಫಾಲ್ಸ್, ಅಲ್ಲಿ ಐ-44 ಹತ್ತಿ ಉತ್ತರಕ್ಕೆ. ರೆಡ್ ರಿವರ್ ದಾಟಿದ್ರೆ ಒಕ್ಲಹೋಮಾ. ಒಟ್ಟು 200 ಮೈಲಿ ಹತ್ತಿರ, ನಿಂತು ಚಹಾ ಕುಡಿದು ಹೋದ್ರೂ ಮೂರೂವರೆ ಗಂಟೆ. ಹೆಸರು ನೋಡಿ ಮೋಸ ಹೋಗಬೇಡಿ: ವಿಚಿಟಾ ಫಾಲ್ಸ್ ಟೆಕ್ಸಾಸ್‌ನಲ್ಲಿ, ವಿಚಿಟಾ ಮೌಂಟೆನ್ಸ್ ಒಕ್ಲಹೋಮಾದಲ್ಲಿ, ಬರೀ ವಿಚಿಟಾ ಕ್ಯಾನ್ಸಾಸ್‌ನಲ್ಲಿ.

ಶಿವಮೊಗ್ಗ_ಶಶಿ:
ಪೂಜೆಯ ವಿಷಯ ಯಾರೂ ಹೇಳಲಿಲ್ಲ. ಹೂವು, ಊದುಬತ್ತಿ, ಒಂದು ತೆಂಗಿನಕಾಯಿ. ದೊಡ್ಡವರ ಸಮಾಧಿ, ಬರಿಗೈಲಿ ಹೋಗೋದು ನಮ್ಮ ಪದ್ಧತಿ ಅಲ್ಲ.

ಗೇಟ್‌ಪಾಸ್_ಗಿರಿ:
ಊದುಬತ್ತಿ ಬೇಡವೇ ಬೇಡ. ಒಣ ಹುಲ್ಲುಗಾವಲು, ಒಕ್ಲಹೋಮಾ ಗಾಳಿ, ಜೊತೆಗೆ ಆಗಾಗ ಬೆಂಕಿ ನಿಷೇಧ. ಒಂದು ಕಿಡಿಗೆ ಎಕರೆಗಟ್ಟಲೆ ಹೋಗುತ್ತೆ. ತೆಂಗಿನಕಾಯಿ ಕಲ್ಲಿಗೆ ಕುಟ್ಟಿದ್ರೆ ಮಿಲಿಟರಿ ಪೊಲೀಸರಿಗೆ ಏನಂತ ವಿವರಿಸ್ತೀರಿ?

ಹಳೇನಕ್ಷೆ:
ಶಶಿ ಅವರೇ, ನಿಮ್ಮ ಭಾವನೆ ಅರ್ಥ ಆಗುತ್ತೆ, ಆದ್ರೆ ಇಲ್ಲಿ ಅವರ ಪದ್ಧತಿ ಮುಖ್ಯ. ಹಳೇ ಅಪಾಚೆ ರೀತಿಯಲ್ಲಿ ಶವವನ್ನ ಅವತ್ತೇ ಬೆಟ್ಟದ ಬಿರುಕಲ್ಲೋ ಗುಹೆಯಲ್ಲೋ ಇಟ್ಟು ಕಲ್ಲು ಮುಚ್ಚಿ ಬರ್ತಿದ್ರು. ಸತ್ತವರ ಗುಡಿಸಲು, ಬಟ್ಟೆಬರೆ ಸುಡ್ತಿದ್ರು, ಹೆಸರೆತ್ತಿ ಕರೀತಿರಲಿಲ್ಲ, ಆ ಜಾಗಕ್ಕೆ ಮತ್ತೆ ಹೋಗ್ತಿರಲಿಲ್ಲ. ಚಿರಿಕಾವಾ ನಾಯಕ ಕೊಚೀಸ್ 1874ರಲ್ಲಿ ಸತ್ತಾಗ ಅರಿಜೋನಾದ ಡ್ರಗೂನ್ ಬೆಟ್ಟದಲ್ಲಿ ಎಲ್ಲೋ ಇಟ್ರು. ಜಾಗ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನ ಗೆಳೆಯ ಟಾಮ್ ಜೆಫರ್ಡ್ಸ್‌ಗೆ ಗೊತ್ತಿತ್ತು, ಸಾಯೋವರೆಗೂ ಬಾಯಿ ಬಿಡಲಿಲ್ಲ. ಅಂಥ ಜನಕ್ಕೆ ನಂಬರ್ ಹಾಕಿದ ಸಾಲಿನಲ್ಲಿ, ಬೋರ್ಡ್ ನೆಟ್ಟ ಸ್ಮಶಾನದಲ್ಲಿ ಮಲಗೋದು ಅಂದ್ರೆ ಏನು ಅಂತ ಯೋಚಿಸಿ. ಜೆರೊನಿಮೊನೂ ಕೇಳಿದ್ದು ಅದನ್ನೇ. 1905ರ ಮಾರ್ಚ್‌ನಲ್ಲಿ ಥಿಯೊಡೋರ್ ರೂಸ್ವೆಲ್ಟ್ ಪ್ರಮಾಣವಚನದ ಮೆರವಣಿಗೆಗೆ ಕರೆಸಿದ್ರು, ಆಗ ಅಧ್ಯಕ್ಷರನ್ನೇ ಕಂಡು ಅರಿಜೋನಾಗೆ ಕಳಿಸಿ ಅಂತ ಬೇಡಿಕೊಂಡ. ಆಗಲ್ಲ ಅಂದ್ರು.

ಶಿವಮೊಗ್ಗ_ಶಶಿ:
ಹಾಗಾದ್ರೆ ಸಮಾಧಿ ಪಕ್ಕದ ಮರಕ್ಕೆ ಬಟ್ಟೆ, ಮಣಿಸರ, ನಾಣ್ಯ ಎಲ್ಲಾ ಕಟ್ಟಿರೋ ಫೋಟೋಗಳು? ಅವರೆಲ್ಲ ಯಾರು?

ಹಳೇನಕ್ಷೆ:
ಬೇರೆ ಬುಡಕಟ್ಟಿನವರು ಕೆಲವರು, ಸೈನಿಕರು ಕೆಲವರು, ಮಿಕ್ಕವರು ಪ್ರವಾಸಿಗಳು. ತಂಬಾಕು ಇಡೋದು ಬಯಲುನಾಡಿನ ಹಲವು ಬುಡಕಟ್ಟುಗಳಲ್ಲಿ ಇದೆ. ಅಪಾಚೆಗಳಿಗೆ ಪವಿತ್ರ ಅಂದ್ರೆ ಜೊಂಡಿನ ಹಳದಿ ಪರಾಗ. ಯಾರೋ ಕಟ್ಟಿದಾರೆ ಅಂತ ನಾವೂ ಕಟ್ಟೋದಕ್ಕೆ ಅರ್ಥ ಇಲ್ಲ.

ವನ್ಯಜೀವಿ_ವಸಂತ:
ಇಲ್ಲೊಂದು ಕಾನೂನಿನ ಮಾತು. ಮರದ ಕೆಳಗೆ ಗರಿ ಬಿದ್ದಿರುತ್ತೆ, ಮಕ್ಕಳು ಎತ್ತಿಕೊಳ್ತಾರೆ. ಎತ್ತಿಕೊಳ್ಳಬೇಡಿ. ಹದ್ದಿನ ಗರಿ ಇಟ್ಕೊಳ್ಳೋದು 1940ರ ಕಾನೂನಿನ ಪ್ರಕಾರ ಅಪರಾಧ. ಮಾನ್ಯತೆ ಇರೋ ಬುಡಕಟ್ಟಿನ ಸದಸ್ಯರಿಗೆ ಮಾತ್ರ ವಿನಾಯಿತಿ. ಗಿಡುಗ, ಗೂಬೆ, ಕಾಗೆ ಸೇರಿ ಹೆಚ್ಚಿನ ಕಾಡುಹಕ್ಕಿಗಳ ಗರಿಗೂ ಇನ್ನೊಂದು ಕಾನೂನು ಇದೆ. ನೆಲದಲ್ಲಿ ಬಿದ್ದಿತ್ತು ಅನ್ನೋ ಉತ್ತರ ನಡೆಯಲ್ಲ. ಹಾಗೇ ಗೋಪುರದಿಂದ ಕಲ್ಲು ಕೀಳೋದು, ಅಲ್ಲಿಟ್ಟ ನಾಣ್ಯ, ಮಣಿ ಜೇಬಿಗೆ ಹಾಕೋದು. ಹೇಳಬೇಕಾಗಿ ಬಂದಿರೋದೇ ನಾಚಿಕೆ, ಆದ್ರೂ ಹೇಳ್ತಿದೀನಿ.

ರಾಯಚೂರ್_ರಂಗ:
ಹಂಗಾರ ಕೈ ಮುಗಿದು ಬಂದ್ರ ಸಾಕ್ರೀ. ಯಾವ ಕಾನೂನೂ ಅಡ್ಡ ಬರಂಗಿಲ್ಲ.

ತುಂಗಾತೀರ:
ಸರಿ, ಹೂವು ಕೂಡ ಬಿಟ್ವಿ. ಒಳಗೆ ಹೋದ ಮೇಲೆ ಎಷ್ಟು ದೂರ? ಅಮ್ಮನಿಗೆ ಮಂಡಿ ನೋವು.

ಗೇಟ್‌ಪಾಸ್_ಗಿರಿ:
ನಡಿಗೆ ಕಡಿಮೆ, ಕಾರು ಸ್ಮಶಾನದ ಹತ್ತಿರವೇ ನಿಲ್ಲುತ್ತೆ. ಹುಲ್ಲುನೆಲ, ಸ್ವಲ್ಪ ಏರುತಗ್ಗು, ಊರುಗೋಲು ಇದ್ರೆ ಒಳ್ಳೇದು. ಹಳೇ ಕೋಟೆಯ ಚೌಕದಿಂದ ಉತ್ತರ-ಈಶಾನ್ಯಕ್ಕೆ ಕೆಲವೇ ಮೈಲಿ, ಈಸ್ಟ್ ರೇಂಜ್ ಅನ್ನೋ ಫಿರಂಗಿ ಅಭ್ಯಾಸದ ಪ್ರದೇಶದ ಕಡೆ. ಕಟ್ಟಡಗಳು ಮುಗಿದು ಮರಗಿಡ, ತೊರೆ ಶುರುವಾದಾಗ ದಾರಿ ತಪ್ಪಿತು ಅಂದ್ಕೊಂಡು ತುಂಬಾ ಜನ ತಿರುಗಿಸ್ತಾರೆ. ಸೂಚನಾ ಫಲಕ ನೋಡ್ಕೊಂಡು ಹೋಗಿ. ವಿಸಿಟರ್ ಸೆಂಟರ್‌ನಲ್ಲೇ ನಕ್ಷೆ ಕೇಳಿ ಇಸ್ಕೊಂಡ್ರೆ ಇನ್ನೂ ಒಳ್ಳೇದು. ಸಮಾಧಿಗೆ ಒಂದು ಗಂಟೆ ಧಾರಾಳ, ಪಾಸಿಗೆ ಒಂದು ಗಂಟೆ ಬೇರೆ ಇಟ್ಕೊಳ್ಳಿ.

ಒಳಗಿನ ರೂಢಿಗಳು ಗೊತ್ತಿರಲಿ. ವೇಗದ ಮಿತಿ ನಿಜವಾದ ಮಿತಿ, ಟೆಕ್ಸಾಸ್ ಹೈವೇ ಲೆಕ್ಕ ಅಲ್ಲ. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯೋ ಹಾಗಿಲ್ಲ. ರಸ್ತೆ ಪಕ್ಕ ಸೈನಿಕರು ಸಾಲಾಗಿ ಓಡ್ತಾ ಬಂದ್ರೆ ತೀರಾ ನಿಧಾನ ಮಾಡಿ. ಗೇಟಿನ, ಕಾವಲುಗಾರರ ಫೋಟೋ ತೆಗೀಬೇಡಿ, ಡ್ರೋನ್ ತರಲೇಬೇಡಿ. ಒಕ್ಲಹೋಮಾದಲ್ಲಿ ವೈದ್ಯಕೀಯ ಗಾಂಜಾ ಅಂಗಡಿ ಬೀದಿಗೊಂದಿವೆ, ಆದ್ರೆ ನೆಲೆಯೊಳಗೆ ಫೆಡರಲ್ ಕಾನೂನು. ಯಾರದೋ ಬ್ಯಾಗಲ್ಲಿ ಗಾಂಜಾ ಬೆರೆಸಿದ ಮಿಠಾಯಿ (ಗಮ್ಮಿ) ಸಿಕ್ರೂ ಗಾಡಿಯಲ್ಲಿದ್ದವರಿಗೆಲ್ಲ ತಾಪತ್ರಯ. ಬಂದೂಕಿಗೂ ಹಾಗೇ, ಪರವಾನಗಿ ಇಲ್ಲದೆ ಬಂದೂಕು ಒಯ್ಯಬಹುದು ಅನ್ನೋ ರಾಜ್ಯದ ನಿಯಮ ಗೇಟಿನ ಹೊರಗೆ ಮಾತ್ರ. ಸಂಜೆ ಬಾವುಟ ಇಳಿಸೋ ಬ್ಯೂಗಲ್ ಕೇಳಿದ್ರೆ ಗಾಡಿಗಳೆಲ್ಲ ನಿಲ್ತವೆ, ನೀವೂ ನಿಲ್ಲಿಸಿ. ಹಾರ್ನ್ ಹೊಡೀಬೇಡಿ ದಯವಿಟ್ಟು.

ಕಡಲತಡಿ_ಮಾಣಿ:
ನಮ್ಮವರಿಗೆ ಕೊನೆಯದ್ದೇ ಕಷ್ಟ 😄

ವನ್ಯಜೀವಿ_ವಸಂತ:
ಸ್ಮಶಾನದ ಎಲ್ಲೆ ಬಿಟ್ಟು ಕಾಡೊಳಗೆ ಹೆಜ್ಜೆ ಇಡಬೇಡಿ. ಒಂದು, ಅದು ಫಿರಂಗಿ ರೇಂಜ್, ಸಿಡಿಯದೆ ಉಳಿದ ಗುಂಡುಗಳು ನೆಲದಲ್ಲಿ ಇರ್ತವೆ. ಲೋಹದ ತುಂಡು ಕಂಡ್ರೆ ಮುಟ್ಟಬೇಡಿ. ಎರಡು, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಉಣ್ಣಿ ಹುಳ, ಚಿಗರ್ ಹುಳ. ಚಿಗರ್ ಕಣ್ಣಿಗೆ ಕಾಣಲ್ಲ, ಮಾರನೇ ದಿನ ಸಾಕ್ಸ್ ಪಟ್ಟಿ, ಸೊಂಟದ ಪಟ್ಟಿ ಇರೋ ಕಡೆ ಕೆಂಪು ದದ್ದು, ವಾರಗಟ್ಟಲೆ ತುರಿಕೆ. ಪ್ಯಾಂಟ್ ಸಾಕ್ಸ್ ಒಳಗೆ ಸೇರಿಸಿ, ಸೀರೆಯವರು ಹುಲ್ಲಲ್ಲಿ ಕೂರಬೇಡಿ. ಜುಲೈ, ಆಗಸ್ಟ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು, ವಯಸ್ಸಾದವರಿದ್ರೆ ಹತ್ತು ಗಂಟೆ ಒಳಗೆ ಮುಗಿಸಿ.

ಮೈಸೂರ್_ಮಲ್ಲಿ:
ಅದೇ ನೆಲೆಯಲ್ಲಿ ಜೆರೊನಿಮೊನನ್ನ ಕೂಡಿಹಾಕಿದ್ದ ಜೈಲು ಇದೆಯಲ್ಲ, ಅದನ್ನೂ ನೋಡಿ. ಕೋಟೆ ಮ್ಯೂಸಿಯಂನ ಗಾರ್ಡ್‌ಹೌಸ್. ಹದಿನೈದು ವರ್ಷ ಅಲ್ಲೇ ಇಟ್ಟಿದ್ರು.

ದಾಖಲೆ_ದಿನೇಶ:
ಇಲ್ಲ ಮಲ್ಲಿ ಅವರೇ. ಗಾರ್ಡ್‌ಹೌಸಿಗೆ ಅವನ ಹೆಸರು ಅಂಟಿಕೊಂಡಿದೆ ಅಷ್ಟೇ. ಚಿರಿಕಾವಾಗಳು ನೆಲೆಯೊಳಗೆ ಸಣ್ಣ ಸಣ್ಣ ಹಳ್ಳಿಗಳಾಗಿ ಇದ್ರು, ದನ ಸಾಕಿದ್ರು, ಬೆಳೆ ಬೆಳೆದ್ರು. ಕುಡಿದು ಗಲಾಟೆ ಆದಾಗ ಒಂದೆರಡು ರಾತ್ರಿ ಗಾರ್ಡ್‌ಹೌಸ್ ಕಂಡಿರಬಹುದು, ವಾಸ ಅಲ್ಲ. ಕೈದಿ ಅಂದ್ರೆ ನೆಲೆ ಬಿಟ್ಟು ಹೋಗೋಕೆ ಅನುಮತಿ ಬೇಕು ಅಂತ.

ಅನುಮತಿ ಕೊಟ್ಟು ಮೇಳಗಳಿಗೂ ಕಳಿಸಿದ್ರು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ತನ್ನ ಫೋಟೋ 25 ಸೆಂಟಿಗೆ ಮಾರಿದ, ಅದರಲ್ಲಿ 10 ಸೆಂಟ್ ಅವನ ಪಾಲು. ಸಹಿಗೆ ಬೇರೆ ದರ. ಸಾವೂ ವ್ಯಾಪಾರದ ದಾರಿಯಲ್ಲೇ ಬಂತು. ಲಾಟನ್‌ಗೆ ಹೋಗಿ ಬಿಲ್ಲುಗಳನ್ನ ಮಾರಿ, ಕುಡಿದು, ವಾಪಸ್ ಬರ್ತಾ ಕುದುರೆಯಿಂದ ಬಿದ್ದು ಚಳಿಯಲ್ಲಿ ರಾತ್ರಿಯೆಲ್ಲ ಮಲಗಿದ್ದ. ಫೆಬ್ರವರಿ ತಿಂಗಳು, 79ರ ಆಸುಪಾಸಿನ ವಯಸ್ಸು.

ಮೈಸೂರ್_ಮಲ್ಲಿ:
ಅಪಾಚೆಗಳ ಮುಖ್ಯಸ್ಥ ಅಂದ್ಮೇಲೆ ಹಳ್ಳಿಯಲ್ಲಿ ಇಟ್ಕೊಂಡಿದ್ರು ಅನ್ನೋದು ನಂಬೋಕೆ ಕಷ್ಟ.

ದಾಖಲೆ_ದಿನೇಶ:
ಮುಖ್ಯಸ್ಥನೂ ಅಲ್ಲ! ಚಿರಿಕಾವಾಗಳ ವಂಶಪಾರಂಪರ್ಯ ನಾಯಕ ಕೊಚೀಸನ ಮಗ ನೈಚೆ. ಜೆರೊನಿಮೊ ಬೆಡೊಂಕೊಹೆ ಗುಂಪಿನವನು, ಮದ್ದು ಮಂತ್ರ ಬಲ್ಲವನು, ದಾಳಿಯ ಮುಂದಾಳು. ಕೊನೇ ದಿನಗಳಲ್ಲಿ ಅವರಿಬ್ಬರ ಜೊತೆ ಇದ್ದವರು ಹೆಂಗಸರು ಮಕ್ಕಳು ಸೇರಿ 40ರ ಒಳಗೆ. ಅವರನ್ನ ಹಿಡಿಯೋಕೆ 5000 ಸೈನಿಕರು. ಪತ್ರಿಕೆಗಳು ಅವನನ್ನ ರಾಕ್ಷಸ ಮಾಡಿ ಬರೆದಿದ್ದು ಈ ಲೆಕ್ಕ ಮುಚ್ಚೋಕೂ ಇರಬಹುದು.

ಡಿಸಿ_ದಾಕ್ಷಾಯಿಣಿ:
ಅಮಾಯಕನೂ ಅಲ್ಲ ಬಿಡಿ. ಮೆಕ್ಸಿಕೋದ ಸೊನೋರಾ, ಚಿವಾವಾ ಹಳ್ಳಿಗಳಲ್ಲಿ ಅವನ ಕೈಯಲ್ಲಿ ಸತ್ತವರ ವಂಶಸ್ಥರೂ ಇದಾರೆ.

ಹಳೇನಕ್ಷೆ:
ನಿಜ, ಅದನ್ನ ಮುಚ್ಚಿಡೋದು ಬೇಡ. ಆದ್ರೆ ಅದು ಎಲ್ಲಿಂದ ಶುರು ಅನ್ನೋದೂ ಸೇರಲಿ. ಹಾನೋಸ್ ಊರಿನ ಹತ್ರ ಬಿಡಾರ ಹೂಡಿ ಗಂಡಸರು ವ್ಯಾಪಾರಕ್ಕೆ ಹೋಗಿದ್ದಾಗ ಮೆಕ್ಸಿಕನ್ ಸೈನಿಕರು ನುಗ್ಗಿ ಅವನ ತಾಯಿ, ಹೆಂಡತಿ ಅಲೋಪೆ, ಮೂರು ಮಕ್ಕಳನ್ನ ಕೊಂದ್ರು. ಅವನೇ ಹೇಳಿ ಬರೆಸಿದ ಕಥೆಯಲ್ಲಿ 1858 ಅಂತ ಇದೆ, ಮೆಕ್ಸಿಕನ್ ಸೇನೆಯ ದಾಖಲೆ ನೋಡಿದ ಇತಿಹಾಸಕಾರರು 1851ರ ಮಾರ್ಚ್ ಅಂತಾರೆ.

ಪ್ಯಾರಾಚೂಟ್_ಪ್ರಕಾಶ:
ವಿಮಾನದಿಂದ ಹಾರೋವಾಗ "ಜೆರೊನಿಮೋ" ಅಂತ ಕೂಗೋದು ಅಲ್ಲಿಂದಲೇ ಅಲ್ವಾ? ಫೋರ್ಟ್ ಸಿಲ್‌ನ ಮೆಡಿಸಿನ್ ಬ್ಲಫ್ ಬಂಡೆಯಿಂದ ಕುದುರೆ ಸಮೇತ ಹಾರಿ ತಪ್ಪಿಸ್ಕೊಂಡನಂತೆ.

ದಾಖಲೆ_ದಿನೇಶ:
ಆ ಬಂಡೆಯಿಂದ ಕುದುರೆ ಹಾರಿದ್ರೆ ಕುದುರೆಯೂ ಇಲ್ಲ, ಸವಾರನೂ ಇಲ್ಲ. ಕೂಗು ಶುರುವಾಗಿದ್ದು 1940ರಲ್ಲಿ ಜಾರ್ಜಿಯಾದ ಫೋರ್ಟ್ ಬೆನಿಂಗ್‌ನಲ್ಲಿ. ಪ್ಯಾರಾಚೂಟ್ ದಳದ ಪ್ರಯೋಗ ತಂಡದವರು ಹಿಂದಿನ ರಾತ್ರಿ ಜೆರೊನಿಮೊ ಕುರಿತ ಸಿನಿಮಾ ನೋಡಿದ್ರು. ನಾಳೆ ಹೆದರಿಕೊಂಡು ನಿನ್ನ ಹೆಸರೇ ಮರೀತೀಯ ಅಂತ ಗೆಳೆಯರು ಕೆಣಕಿದಾಗ, ಆಬ್ರಿ ಎಬರ್‌ಹಾರ್ಟ್ ಅನ್ನೋ ಸೈನಿಕ ಹಾರುವಾಗ ಆ ಹೆಸರು ಕೂಗಿ ತೋರಿಸಿದ. 2011ರಲ್ಲಿ ಬಿನ್ ಲಾಡೆನ್ ಕಾರ್ಯಾಚರಣೆಯಲ್ಲಿ ಅದೇ ಹೆಸರನ್ನ ಸಂಕೇತವಾಗಿ ಬಳಸಿದಾಗ ಫೋರ್ಟ್ ಸಿಲ್ ಅಪಾಚೆಗಳು ಅಧ್ಯಕ್ಷ ಒಬಾಮಾಗೆ ಪತ್ರ ಬರೆದು ಆಕ್ಷೇಪಿಸಿದ್ರು.

ಮೈಸೂರ್_ಮಲ್ಲಿ:
ಒಳಗೆ ಹೋಗೋಕೆ ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಬೇರೇನು ನೋಡಬಹುದು?

ಗೇಟ್‌ಪಾಸ್_ಗಿರಿ:
ಪೋಸ್ಟ್ ಸೆಮೆಟರಿಯ ಚೀಫ್ಸ್ ನಾಲ್ ದಿಬ್ಬ. ಕೊಮಾಂಚೆ ನಾಯಕ ಕ್ವಾನಾ ಪಾರ್ಕರ್, ಕಾಯೋವಾಗಳ ಸಟಾಂಟಾ, ಸಟಾಂಕ್ ಅಲ್ಲಿದ್ದಾರೆ. ಕ್ವಾನಾ 1911ರಲ್ಲಿ ಸತ್ತಾಗ ಬೇರೆ ಕಡೆ ಹೂಳಿದ್ರು, ಸೇನೆಗೆ ಆ ಜಾಗ ಬೇಕಾಯ್ತು ಅಂತ 1957ರಲ್ಲಿ ಅವನನ್ನೂ ತಾಯಿ ಸಿಂಥಿಯಾ ಆನ್‌ಳನ್ನೂ ಇಲ್ಲಿಗೆ ತಂದ್ರು. ಸಟಾಂಟಾ ಟೆಕ್ಸಾಸ್‌ನ ಹಂಟ್ಸ್‌ವಿಲ್ ಜೈಲಲ್ಲಿ ಸತ್ತವನು, 1963ರಲ್ಲಿ ತಂದ್ರು. ಜೆರೊನಿಮೊ ಈ ದಿಬ್ಬದಲ್ಲಿ ಇಲ್ಲ, ಇಲ್ಲೇ ಹುಡುಕಿ ಸುಸ್ತಾಗೋರು ಇದಾರೆ.

ಫಿರಂಗಿ ಇಷ್ಟ ಇರೋರಿಗೆ ಆರ್ಟಿಲರಿ ಮ್ಯೂಸಿಯಂ ಹೊರಗೆ 280 ಮಿಲಿಮೀಟರ್‌ನ "ಅಟಾಮಿಕ್ ಆ್ಯನಿ" ನಿಂತಿದೆ. 1953ರಲ್ಲಿ ನೆವಾಡಾದಲ್ಲಿ ಅಣುಗುಂಡು ಹಾರಿಸಿದ್ದ ಮಾದರಿ. ಮ್ಯೂಸಿಯಂಗಳಿಗೆ ವಾರದ ರಜೆ ಇದೆ, ಸರ್ಕಾರಿ ರಜೆಗೂ ಮುಚ್ಚಬಹುದು. ಲಾಂಗ್ ವೀಕೆಂಡ್ ಅಂದ್ರೆ ಸೋಮವಾರ ಬಾಗಿಲು ಹಾಕಿರೋ ಸಾಧ್ಯತೆಯೇ ಹೆಚ್ಚು.

ವನ್ಯಜೀವಿ_ವಸಂತ:
ಪಾಸ್ ಸಿಗದಿದ್ರೂ ಪ್ರಯಾಣ ದಂಡ ಅಲ್ಲ. ವಿಚಿಟಾ ಮೌಂಟೆನ್ಸ್ ವನ್ಯಧಾಮ ನೆಲೆಯ ಪಕ್ಕದಲ್ಲೇ, ಯಾವ ಗುರುತಿನ ಚೀಟಿಯೂ ಬೇಡ, ಪ್ರವೇಶ ಉಚಿತ. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ ರೈಲಲ್ಲಿ ತಂದ 15 ಕಾಡೆಮ್ಮೆಗಳ ಸಂತತಿ ಈಗ ಅಲ್ಲಿ ಹಿಂಡಾಗಿದೆ. ಕಾರಿಂದ ಇಳಿದು ಹತ್ತಿರ ಹೋಗಬೇಡಿ, ಬಾಲ ನೆಟ್ಟಗೆ ಎತ್ತಿತು ಅಂದ್ರೆ ಸಿಟ್ಟು ಬಂದಿದೆ ಅಂತ. ಮೌಂಟ್ ಸ್ಕಾಟ್ 2464 ಅಡಿ, ತುದಿವರೆಗೂ ಟಾರು ರಸ್ತೆ, ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ್ದು. ರಸ್ತೆ ಕೆಲವು ಹೊತ್ತು ಕಾರಿಗೆ ಮುಚ್ಚಿರುತ್ತೆ, ಸಮಯ ನೋಡ್ಕೊಂಡು ಹೋಗಿ.

ರಾಯಚೂರ್_ರಂಗ:
ಅದು ಕಾಡೆಮ್ಮೆ ಅಲ್ರೀ, ಬೈಸನ್. ಕಾಡೆಮ್ಮೆ ಬ್ಯಾರೆ, ನಮ್ ಕಡೆ ಕಾಟಿ ಬ್ಯಾರೆ.

ವನ್ಯಜೀವಿ_ವಸಂತ:
ಕಾಟಿಗೂ ನಾಗರಹೊಳೆ ಸಫಾರಿಯಲ್ಲಿ ಬೈಸನ್ ಅಂತಲೇ ಕೂಗ್ತಾರೆ ರಂಗಣ್ಣ, ಅದನ್ನ ಮೊದಲು ಸರಿ ಮಾಡಿ, ಆಮೇಲೆ ಒಕ್ಲಹೋಮಾಗೆ ಬನ್ನಿ.

ಟೋಲ್‌ಗೇಟ್_ತಿಮ್ಮ:
ಟೋಲ್ ವಿಷಯ ಬಿಟ್ಟೇ ಹೋಯ್ತು. ರೆಡ್ ರಿವರ್ ದಾಟಿದ ಮೇಲೆ ಲಾಟನ್‌ವರೆಗೆ ಐ-44 ಟೋಲ್ ರಸ್ತೆ, ಎಚ್.ಇ. ಬೇಲಿ ಟರ್ನ್‌ಪೈಕ್. ಗೇಟಲ್ಲಿ ನಗದು ತಗೊಳ್ಳಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಫೋಟೋ ತೆಗೆದು ಮನೆಗೆ ಬಿಲ್ ಕಳಿಸುತ್ತೆ, ಅದರ ದರ ಜಾಸ್ತಿ. ಡಲ್ಲಾಸ್‌ನವರ ಟೋಲ್‌ಟ್ಯಾಗ್ ಅಲ್ಲೂ ನಡೆಯುತ್ತೆ, ಗಾಜಿಗೆ ಸರಿಯಾಗಿ ಅಂಟಿರಲಿ, ಖಾತೆಯಲ್ಲಿ ಈಗಿನ ನಂಬರ್ ಪ್ಲೇಟ್ ಇರಲಿ.

ಕಡಲತಡಿ_ಮಾಣಿ:
ಬಾಡಿಗೆ ಕಾರಾದ್ರೆ?

ಟೋಲ್‌ಗೇಟ್_ತಿಮ್ಮ:
ಟೋಲ್ ಕೆಲವೇ ಡಾಲರ್, ಬಾಡಿಗೆ ಕಂಪನಿಯ ಸೇವಾ ಶುಲ್ಕ ಅದಕ್ಕಿಂತ ದಪ್ಪ. ಬೇಡ ಅಂದ್ರೆ ಟರ್ನ್‌ಪೈಕ್ ಬಿಟ್ಟು ಯುಎಸ್-277 ಹಿಡೀರಿ, ಸಮಯ ಸ್ವಲ್ಪ ಜಾಸ್ತಿ ಅಷ್ಟೇ. ಆ ದಾರಿಯಲ್ಲಿ ಜೆರೊನಿಮೊ ಊರಿನ ಬೋರ್ಡ್ ಸಿಗುತ್ತೆ, ಅಲ್ಲಿ ತಿರುಗಿಸಬೇಡಿ.